ಬೇರಿಗೆ ಬಂದ ಶಿಲೀಂಧ್ರವನ್ನು ಮರ ಯಾಕೆ ಕೊಲ್ಲುವುದಿಲ್ಲ?

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಶಿಲೀಂಧ್ರ ಅಂದರೆ ಶತ್ರು. ಸೋಗೆಯ ಮೇಲೆ ಎಲೆಚುಕ್ಕಿ ರೋಗ ತರುವ ಕೊಲೆಟೊಟ್ರೈಕಮ್ ಒಂದು ಶಿಲೀಂಧ್ರ. ಅದರ ಕಾಟಕ್ಕೆ ಎಷ್ಟೋ ತೋಟಗಳು ಸೊರಗಿವೆ. ಆದರೆ ಅದೇ ಅಡಿಕೆ ಮರದ ಎಳೆ ಬೇರೊಂದನ್ನು ತೊಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ. ಅಲ್ಲೂ ಶಿಲೀಂಧ್ರವೇ ಕಾಣುತ್ತದೆ. ಬೇರಿನ ಮೇಲೆ ಮಾತ್ರ ಅಲ್ಲ, ಜೀವಕೋಶಗಳ ಒಳಗೂ ಕಾಣುತ್ತದೆ. ಮರ ಅದನ್ನು ಕೊಲ್ಲುವುದಿಲ್ಲ. ಬಿಸಿಲಲ್ಲಿ ತಾನು ಮಾಡಿಕೊಂಡ ಆಹಾರದಲ್ಲಿ ಪಾಲು ಕೊಟ್ಟು ಸಾಕುತ್ತದೆ.

ಎಲೆಗೆ ಬಂದದ್ದು ಶತ್ರು, ಬೇರಿಗೆ ಬಂದದ್ದು ನೆಂಟ. ಇದು ಮರಕ್ಕೆ ಗೊತ್ತಾಗುವುದು ಹೇಗೆ? ಎರಡೂ ಶಿಲೀಂಧ್ರಗಳ ಕೋಶದ ಗೋಡೆಯಲ್ಲಿ ಕೈಟಿನ್ ಇದೆ. ಕೈಟಿನ್ ಚೂರು ತಗುಲಿದರೆ ಸಾಕು, ಗಿಡಗಳು ರಕ್ಷಣೆಗೆ ಇಳಿಯುತ್ತವೆ. ಭತ್ತದಲ್ಲಂತೂ ಸರ್ಕ್1 ಎಂಬ ಒಂದೇ ಗ್ರಾಹಕ ಪ್ರೋಟೀನು ರೋಗದ ಶಿಲೀಂಧ್ರವನ್ನು ಗುರುತಿಸುವುದಕ್ಕೂ ಬೇಕು, ನೆಂಟ ಶಿಲೀಂಧ್ರವನ್ನು ಬರಮಾಡಿಕೊಳ್ಳುವುದಕ್ಕೂ ಬೇಕು. ಹಾಗಾಗಿ ಮುಖ ನೋಡಿ ಗುರುತು ಹಿಡಿಯುವಷ್ಟು ಸುಲಭದ ವಿಷಯ ಇದಲ್ಲ. ಕಳೆದ ಇಪ್ಪತ್ತು ವರ್ಷಗಳಲ್ಲಿ ಇದರ ಒಳಗುಟ್ಟು ಜೀನು, ಪ್ರೋಟೀನುಗಳ ಮಟ್ಟದಲ್ಲಿ ಒಂದೊಂದಾಗಿ ಬಿಚ್ಚಿಕೊಂಡಿದೆ.

ಈ ವಿಷಯ ಈಗ ಲ್ಯಾಬಿನ ಹೊರಗೂ ಸುದ್ದಿಯಲ್ಲಿದೆ. ಭೂಮಿಯ ಮೇಲಿನ ಗಿಡಮರಗಳು ವರ್ಷಕ್ಕೆ ಸುಮಾರು 1,312 ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಇಂಗಾಲವನ್ನು ಬೇರಿನ ಶಿಲೀಂಧ್ರಗಳಿಗೆ ದಾಟಿಸುತ್ತವೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಕಲ್ಲಿದ್ದಲು, ಪೆಟ್ರೋಲ್‌ನಂಥ ಇಂಧನ ಸುಟ್ಟು ನಾವು ವರ್ಷಕ್ಕೆ ಉಗುಳುವುದರ ಮೂರನೇ ಒಂದು ಭಾಗಕ್ಕಿಂತ ಇದು ಜಾಸ್ತಿ. ಅಷ್ಟೂ ಮಣ್ಣಲ್ಲೇ ಉಳಿಯುತ್ತದೆ ಅಂತಲ್ಲ, ಆದರೆ ಆ ದಾರಿಯಲ್ಲಿ ಹಾದು ಹೋಗುತ್ತದೆ. 2025ರ ಜುಲೈನಲ್ಲಿ ಈ ಶಿಲೀಂಧ್ರಗಳ ಜಾಗತಿಕ ನಕ್ಷೆ ಹೊರಬಂತು. ಅವುಗಳ ವೈವಿಧ್ಯ ಅತಿ ಹೆಚ್ಚು ಇರುವ ತಾಣಗಳಲ್ಲಿ ಶೇ. 10ಕ್ಕಿಂತ ಕಡಿಮೆ ಮಾತ್ರ ಸಂರಕ್ಷಿತ ಪ್ರದೇಶಗಳ ಒಳಗಿವೆ ಎಂದು ಅದು ತೋರಿಸಿತು. ಇನ್ನೊಂದು ಕಡೆ ಮರಗಳು ಮಣ್ಣೊಳಗೆ ಮಾತಾಡುತ್ತವೆ, ತಾಯಿ ಮರ ಮಕ್ಕಳಿಗೆ ಊಟ ಕಳಿಸುತ್ತದೆ ಎಂಬ ಕಥೆಗಳು ವಾಟ್ಸಾಪಿನಲ್ಲಿ ಓಡಾಡುತ್ತಿವೆ. ಗೊಬ್ಬರದಂಗಡಿಯಲ್ಲಿ ವ್ಯಾಮ್ ಎಂಬ ಹೆಸರಲ್ಲಿ ಈ ಶಿಲೀಂಧ್ರದ ಪುಡಿಯ ಪ್ಯಾಕೆಟ್ಟುಗಳು ಮಾರಾಟವಾಗುತ್ತಿವೆ.

ನನಗೆ ಅನಿಸುವುದು ಇಷ್ಟು. ಈ ಸಂಬಂಧ ನಿಂತಿರುವುದು ಒಪ್ಪಿಗೆಯ ಮೇಲೆ. ಆ ಒಪ್ಪಿಗೆಯನ್ನು ಶಿಲೀಂಧ್ರ ಹೆಜ್ಜೆ ಹೆಜ್ಜೆಗೂ ಹೊಸದಾಗಿ ಪಡೆಯಬೇಕು. ಬೇಡ ಅನಿಸಿದ ದಿನ ಮರ ಅದನ್ನು ವಾಪಸ್ ತೆಗೆದುಕೊಳ್ಳಬಲ್ಲದು. ಇದನ್ನು ಬಿಟ್ಟು ಕಾಡಿನ ಕಥೆ ಹೇಳಿದರೂ ತಪ್ಪಾಗುತ್ತದೆ, ತೋಟಕ್ಕೆ ಪುಡಿ ಹಾಕಿದರೂ ದುಡ್ಡು ದಂಡವಾಗುತ್ತದೆ.

ಎರಡು ಬಗೆಯ ನೆಂಟಸ್ತಿಕೆ

ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1885ರಲ್ಲಿ ಬೇರು, ಶಿಲೀಂಧ್ರಗಳ ಈ ನೆಂಟಸ್ತಿಕೆಗೆ ಮೈಕೊರೈಜಾ ಎಂದು ಹೆಸರಿಟ್ಟರು. ದುಬಾರಿ ಟ್ರಫಲ್ ಅಣಬೆಯನ್ನು ಪ್ರಷ್ಯಾದಲ್ಲಿ ಬೆಳೆಯಲು ಸಾಧ್ಯವಾ ನೋಡಿ ಎಂದು ಸರ್ಕಾರ ಅವರಿಗೆ ಕೆಲಸ ಕೊಟ್ಟಿತ್ತು. ಬೇಸಾಯದ ದಾರಿ ಸಿಗಲಿಲ್ಲ. ಆದರೆ ಕಾಡಿನ ಮರಗಳ ಬೇರಿನ ತುದಿಗಳೆಲ್ಲ ಶಿಲೀಂಧ್ರದ ಹೊದಿಕೆ ಹೊದ್ದಿರುವುದು ಅವರ ಕಣ್ಣಿಗೆ ಬಿತ್ತು. ರೋಗವೇ ಇಲ್ಲದ, ಚೆನ್ನಾಗಿ ಬೆಳೆದ ಮರಗಳಲ್ಲೂ ಅದೇ ಇತ್ತು.

ಫ್ರಾಂಕ್ ನೋಡಿದ್ದು ಎಕ್ಟೊಮೈಕೊರೈಜಾ. ಇದರಲ್ಲಿ ಶಿಲೀಂಧ್ರದ ಎಳೆಗಳು ಬೇರಿನ ತುದಿಯನ್ನು ಸುತ್ತಿಕೊಳ್ಳುತ್ತವೆ. ಆಮೇಲೆ ಕೋಶ ಕೋಶಗಳ ನಡುವಿನ ಸಂದಿಯಲ್ಲಿ ನುಸುಳಿ ಬಲೆ ಹೆಣೆಯುತ್ತವೆ. ಕೋಶದ ಒಳಗೆ ಮಾತ್ರ ಹೋಗುವುದಿಲ್ಲ. ಪೈನ್, ಓಕ್, ಬರ್ಚ್, ನಮ್ಮ ಪಶ್ಚಿಮ ಘಟ್ಟದ ಸಾಲುಧೂಪ, ಕಿರಾಲ್‌ಬೋಗಿ ಮರಗಳೆಲ್ಲ ಈ ಗುಂಪು. ಸಸ್ಯ ಪ್ರಭೇದಗಳ ಲೆಕ್ಕದಲ್ಲಿ ಇವು ಶೇ. 2ರಷ್ಟು. ಆದರೆ ಭೂಮಿಯ ಮೇಲೆ ನಿಂತಿರುವ ಮರಗಳನ್ನು ಎಣಿಸಿದರೆ ಶೇ. 60ರಷ್ಟು ಇವೇ.

ಇನ್ನೊಂದು ಬಗೆ ಆರ್ಬಸ್ಕುಲರ್ ಮೈಕೊರೈಜಾ, ರೈತರ ಬಾಯಲ್ಲಿ ವ್ಯಾಮ್. ಅಡಿಕೆ, ಕಾಫಿ, ತೇಗ, ಹುಣಸೆ, ಮಾವು, ಭತ್ತ, ರಾಗಿ ಎಲ್ಲ ಇದರ ಕಡೆಯವು. ಇಲ್ಲಿ ಶಿಲೀಂಧ್ರ ಬೇರಿನ ಕೋಶದೊಳಗೇ ಹೋಗಿ ನೂರಾರು ಕವಲೊಡೆಯುತ್ತದೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕಿದ ಸುಮಾರು 40.7 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳ ಒಳಗೂ ಇಂಥದೇ ಕವಲು ಕಂಡಿದೆ. ಆ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ! ಬೇರು ಹುಟ್ಟುವ ಮೊದಲೇ ಈ ನೆಂಟಸ್ತಿಕೆ ಹುಟ್ಟಿತ್ತು.

ಕಾರ್ಕಳ, ಉಡುಪಿ ಕಡೆಯವರಿಗೆ ಎಕ್ಟೊಮೈಕೊರೈಜಾ ನಾಲಿಗೆಗೇ ಪರಿಚಯ. ಮೊದಲ ಮಳೆಯ ಹೊತ್ತಿಗೆ ಮಾರುಕಟ್ಟೆಗೆ ಬರುವ ಕಲ್ಲಣಬೆ ಆಸ್ಟ್ರಿಯಸ್ ಜಾತಿಯದು, ಬೋಗಿಯಂಥ ಮರಗಳ ಬೇರಿನ ನೆಂಟ. ಮಣ್ಣು ಕೆದಕಿ ತೆಗೆದ ಗುಂಡನೆ ಉಂಡೆ ಒಳಗೆ ಬೆಳ್ಳಗಿದ್ದರೆ ಸಾರಿಗೆ ಆಗುತ್ತದೆ. ಬಲಿತು ಕಪ್ಪಾದರೆ ಬಿಸಾಡಬೇಕು. ಅದರ ಬೆಲೆ ಕೇಳಿದವರೆಲ್ಲ ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಚಿಪ್ಪಣಬೆಯ ಹಾಗೆ ಇದನ್ನೂ ಹುಲ್ಲಿನಲ್ಲಿ ಬೆಳೆಯಬಾರದಾ? ಬೆಳೆಯಲು ಆಗುವುದಿಲ್ಲ. ಯಾಕೆ ಅನ್ನುವುದು ಜೀನುಗಳಲ್ಲೇ ಬರೆದಿದೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದು ಪುಟ್ಟ ಪ್ರೋಟೀನು ಮಾಡುವ ಕೆಲಸ

ಈ ಒಪ್ಪಿಗೆಯ ಕಥೆ ಅತ್ಯಂತ ವಿವರವಾಗಿ ಗೊತ್ತಾಗಿರುವುದು ಪಾಪ್ಲರ್ ಮರ ಮತ್ತು ಲಕ್ಕಾರಿಯಾ ಬೈಕಲರ್ ಎಂಬ ಪುಟ್ಟ ಕಂದು ಅಣಬೆಯ ಜೋಡಿಯಲ್ಲಿ. ಕಾರಣ ಸರಳ. ಪೂರ್ತಿ ಜೀನೋಮ್ ಓದಿದ ಮೊದಲ ಮರ ಪಾಪ್ಲರ್, 2006ರಲ್ಲಿ. ಪೂರ್ತಿ ಜೀನೋಮ್ ಓದಿದ ಮೊದಲ ಎಕ್ಟೊಮೈಕೊರೈಜಾ ಶಿಲೀಂಧ್ರ ಲಕ್ಕಾರಿಯಾ, 2008ರಲ್ಲಿ. ಎರಡನೆಯದರ ಮುಂದಾಳು ಫ್ರಾನ್ಸಿನ ನ್ಯಾನ್ಸಿ ಹತ್ತಿರದ ಕೃಷಿ ಸಂಶೋಧನಾ ಕೇಂದ್ರದ ಫ್ರಾನ್ಸಿಸ್ ಮಾರ್ಟಿನ್. ಎರಡೂ ಕಡೆಯ ಜೀನುಗಳ ಪಟ್ಟಿ ಕೈಯಲ್ಲಿ ಇದ್ದಾಗ, ಬೇರು ಮತ್ತು ಎಳೆ ಮುಟ್ಟಿಕೊಂಡ ಗಳಿಗೆಯಲ್ಲಿ ಯಾವ ಜೀನು ಏಳುತ್ತದೆ, ಯಾವುದು ಮಲಗುತ್ತದೆ ಎಂದು ನೋಡಬಹುದು.

ಲಕ್ಕಾರಿಯಾದಲ್ಲಿ ಸುಮಾರು 20,000 ಜೀನುಗಳು ಸಿಕ್ಕವು. ಅವುಗಳಲ್ಲಿ ಗಮನ ಸೆಳೆದದ್ದು ಚಿಕ್ಕ ಚಿಕ್ಕ ಪ್ರೋಟೀನುಗಳನ್ನು ಮಾಡಿ ಹೊರಗೆ ಸುರಿಸುವ ಜೀನುಗಳ ಒಂದು ದಂಡು. ಇಂಥ ಪ್ರೋಟೀನುಗಳು ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತಿದ್ದವು, ಆದರೆ ರೋಗ ತರುವ ಶಿಲೀಂಧ್ರಗಳಲ್ಲಿ. ಗಿಡದ ರಕ್ಷಣೆಯನ್ನು ಮುರಿಯಲು ರೋಗಾಣುಗಳು ಬಳಸುವ ಆಯುಧಗಳು ಅವು. ಸ್ನೇಹಿತ ಅಂದುಕೊಂಡವನ ಕೈಯಲ್ಲೂ ಅದೇ ಬಗೆಯ ಆಯುಧ ಇತ್ತು.

ಆ ದಂಡಿನಲ್ಲಿ ಮಿಸ್ಪ್-7 ಎಂಬುದು ಬೇರು ಸಿಕ್ಕ ಕೂಡಲೇ ಅತಿ ಜೋರಾಗಿ ಏಳುವ ಜೀನು. ಪ್ರೋಟೀನು ತೀರಾ ಚಿಕ್ಕದು, ಸುಮಾರು 70 ಅಮೈನೊ ಆಮ್ಲಗಳಷ್ಟೇ. 2011ರಲ್ಲಿ ಜೊನಾಥನ್ ಪ್ಲೆಟ್ ಮತ್ತು ಮಾರ್ಟಿನ್ ಅವರ ತಂಡ ಅದರ ಹಿಂದೆ ಬಿತ್ತು. ಶಿಲೀಂಧ್ರ ಅದನ್ನು ಹೊರಗೆ ಬಿಡುತ್ತದೆ. ಬೇರಿನ ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಅದು ನೇರವಾಗಿ ಕೋಶಕೇಂದ್ರಕ್ಕೆ, ಅಂದರೆ ಮರದ ಜೀನುಗಳು ಇರುವ ಜಾಗಕ್ಕೇ ಹೋಗಿ ಸೇರುತ್ತದೆ. ಮಿಸ್ಪ್-7 ಮಾಡಲಾಗದಂತೆ ಬದಲಾಯಿಸಿದ ಲಕ್ಕಾರಿಯಾ ಬೇರಿನ ಜೊತೆ ಸಂಬಂಧ ಕಟ್ಟಿಕೊಳ್ಳಲು ಸೋತುಹೋಯಿತು. ಉಳಿದ ಜೀನುಗಳೆಲ್ಲ ಇದ್ದರೂ ಪ್ರಯೋಜನವಾಗಲಿಲ್ಲ.

ಕೋಶಕೇಂದ್ರದಲ್ಲಿ ಅದಕ್ಕೆ ಏನು ಕೆಲಸ? ಉತ್ತರ 2014ರಲ್ಲಿ ಬಂತು. ಗಿಡಗಳಲ್ಲಿ ಜಾಸ್ಮೊನೇಟ್ ಎಂಬ ಹಾರ್ಮೋನು ಇದೆ. ಹುಳು ಕಚ್ಚಿದಾಗ, ಗಾಯವಾದಾಗ, ಕೆಲವು ಬಗೆಯ ರೋಗಾಣು ಬಂದಾಗ ಇದು ಏರುತ್ತದೆ. ಏರಿದರೆ ರಕ್ಷಣೆಯ ಜೀನುಗಳೆಲ್ಲ ಎದ್ದು ನಿಲ್ಲುತ್ತವೆ. ಮಾಮೂಲಿ ದಿನಗಳಲ್ಲಿ ಆ ಜೀನುಗಳನ್ನು ಜಾಝ್ ಎಂಬ ಪ್ರೋಟೀನುಗಳು ಅದುಮಿ ಹಿಡಿದಿರುತ್ತವೆ. ಕೆರೆಯ ತೂಬಿಗೆ ಹಾಕಿದ ಹಲಗೆ ಇದ್ದ ಹಾಗೆ. ಜಾಸ್ಮೊನೇಟ್ ಬಂದರೆ ಜಾಝ್ ಪ್ರೋಟೀನನ್ನು ಕೋಶವೇ ಒಡೆದು ಹಾಕುತ್ತದೆ. ಹಲಗೆ ಎದ್ದಿತು, ರಕ್ಷಣೆ ಹರಿಯಿತು. ಮಿಸ್ಪ್-7 ಹೋಗಿ ಜಾಝ್6 ಎಂಬ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಜಾಸ್ಮೊನೇಟ್ ಬಂದರೂ ಅದು ಒಡೆಯದ ಹಾಗೆ ಕಾಯುತ್ತದೆ. ಶಿಲೀಂಧ್ರ ಕೋಶಗಳ ನಡುವೆ ನುಸುಳುವಾಗ ಆ ಒಂದು ದಾರಿಯ ರಕ್ಷಣೆ ಏಳುವುದಿಲ್ಲ.

ಈ ವಿವರಣೆ ಸರಿಯಾ ಎಂದು ನೋಡಲು ಅವರು ಮಾಡಿದ ಪರೀಕ್ಷೆ ನನಗೆ ತುಂಬಾ ಇಷ್ಟ. ಮಿಸ್ಪ್-7 ಇಲ್ಲದ, ಅಂದರೆ ಸೋತ ಶಿಲೀಂಧ್ರವನ್ನೇ ತೆಗೆದುಕೊಂಡರು. ಮರದ ಕಡೆಯಲ್ಲಿ ಜಾಝ್6 ಜಾಸ್ತಿ ಮಾಡುವ ಬೇರುಗಳನ್ನು ತಯಾರಿಸಿದರು. ಸೋತ ಶಿಲೀಂಧ್ರ ಈಗ ಒಳಗೆ ಹೋಯಿತು! ಅಂದರೆ ಮಿಸ್ಪ್-7 ಮಾಡುತ್ತಿದ್ದ ಕೆಲಸ ಇದೇ, ಅದನ್ನು ಬೇರೆಯವರು ಮಾಡಿಕೊಟ್ಟರೂ ಸಾಕು.

ಇಲ್ಲಿ ಒಂದು ಹೋಲಿಕೆ ಗಮನಿಸಬೇಕು. ಸ್ಯೂಡೊಮೊನಾಸ್ ಎಂಬ ರೋಗದ ಬ್ಯಾಕ್ಟೀರಿಯಾ ಇದೇ ಜಾಝ್ ಮೇಲೆ ಕೈ ಹಾಕುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಅದು ಕೊರೊನಾಟಿನ್ ಎಂಬ ನಕಲಿ ಜಾಸ್ಮೊನೇಟ್ ಮಾಡಿ ಜಾಝ್ ಒಡೆಸುತ್ತದೆ. ಜಾಸ್ಮೊನೇಟ್ ರಕ್ಷಣೆ ಎದ್ದರೆ, ಬ್ಯಾಕ್ಟೀರಿಯಾವನ್ನು ನಿಜವಾಗಿ ಕೊಲ್ಲುವ ಸ್ಯಾಲಿಸಿಲಿಕ್ ಆಮ್ಲದ ರಕ್ಷಣೆ ತಗ್ಗುತ್ತದೆ. ಶತ್ರು, ಮಿತ್ರ ಇಬ್ಬರೂ ಒಂದೇ ಪ್ರೋಟೀನಿಗೆ ಗುರಿ ಇಡುತ್ತಾರೆ. ಸಹಜೀವನ ಅನ್ನುವುದು ರೋಗಕ್ಕಿಂತ ಪೂರ್ತಿ ಬೇರೆ ಲೋಕ ಎಂದುಕೊಂಡಿದ್ದವರಿಗೆ ಇದು ದೊಡ್ಡ ಪಾಠ.

ಹಾಗಾದರೆ ಶಿಲೀಂಧ್ರ ಮರವನ್ನು ಮೋಸ ಮಾಡಿ ಒಳಗೆ ನುಗ್ಗಿತಾ? ಹಾಗೆ ಹೇಳುವ ಮೊದಲು ಇನ್ನೊಂದು ವಿವರ ನೋಡಬೇಕು. ಮಿಸ್ಪ್-7 ಜೀನು ತಾನಾಗಿ ಏಳುವುದಿಲ್ಲ. ಬೇರು ಮಣ್ಣಿಗೆ ಬಿಡುವ ರೂಟಿನ್, ಕ್ವೆರ್ಸಿಟ್ರಿನ್ ಎಂಬ ಫ್ಲೇವನಾಯ್ಡು ರಾಸಾಯನಿಕಗಳು ತಗುಲಿದಾಗ ಏಳುತ್ತದೆ. ತನ್ನ ರಕ್ಷಣೆಯನ್ನು ತಗ್ಗಿಸುವ ಪ್ರೋಟೀನನ್ನು ಮಾಡು ಎಂಬ ಸೂಚನೆ ಮರದಿಂದಲೇ ಹೋಗುತ್ತದೆ. ಇದನ್ನು ಮೋಸ ಅನ್ನಲಾಗದು.

ಮುಟ್ಟುವ ಮೊದಲೇ ನಡೆಯುವ ಮಾತು

ಎಳೆ ಬೇರನ್ನು ಮುಟ್ಟುವ ಮೊದಲೇ ಎಷ್ಟೋ ಸಂಗತಿ ನಡೆದುಹೋಗಿರುತ್ತದೆ. ಲಕ್ಕಾರಿಯಾ ಗಾಳಿಗೆ ಬಿಡುವ ಥುಯೊಪ್ಸೀನ್ ಎಂಬ ವಾಸನೆಯ ರಾಸಾಯನಿಕವೇ ಪಾಪ್ಲರ್‌ನ ಪಕ್ಕಬೇರುಗಳನ್ನು ಹೆಚ್ಚಿಸುತ್ತದೆ ಎಂದು 2015ರಲ್ಲಿ ತೋರಿಸಿದರು. ಶಿಲೀಂಧ್ರಕ್ಕೆ ಹತ್ತಲು ಬೇಕಾದ ಎಳೆ ಬೇರುಗಳು ಅದು ಬರುವ ಮೊದಲೇ ತಯಾರು. ವ್ಯಾಮ್ ಬಗೆಯಲ್ಲಿ ಮೊದಲ ಕರೆ ಗಿಡದ್ದು. ರಂಜಕ ಸಾಲದೆ ಬಂದಾಗ ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕ ಬಿಡುತ್ತದೆ, ಹತ್ತಿರದ ಶಿಲೀಂಧ್ರದ ಎಳೆ ಅದಕ್ಕೆ ಕವಲೊಡೆಯುತ್ತದೆ. ಇದು 2005ರಲ್ಲಿ ಜಪಾನಿನ ತಂಡ ಕಂಡುಹಿಡಿದದ್ದು. ಈ ಕರೆಯನ್ನು ಬೇರೆಯವರೂ ಕದ್ದು ಕೇಳುತ್ತಾರೆ. ಜೋಳದ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯ ಬೀಜ ಮೊಳೆಯುವುದು ಇದೇ ರಾಸಾಯನಿಕದ ಜಾಡು ಹಿಡಿದು. ಆದರೂ ಗಿಡ ಅದನ್ನು ಬಿಡುವುದು ನಿಲ್ಲಿಸಿಲ್ಲ ಅಂದರೆ ಶಿಲೀಂಧ್ರ ಎಷ್ಟು ಮುಖ್ಯ ಎಂದು ಊಹಿಸಬಹುದು, ಅಲ್ವಾ?

ಕರೆಗೆ ಓಗೊಡುವ ಶಿಲೀಂಧ್ರ ಕೈಟಿನ್ ತುಣುಕಿಗೆ ಕೊಬ್ಬಿನ ಬಾಲ ಅಂಟಿಸಿದ ಅಣುಗಳನ್ನು ಕಳಿಸುತ್ತದೆ. ಬೇಳೆಕಾಳು ಗಿಡಗಳ ಬೇರುಗಂಟಿನ ಬ್ಯಾಕ್ಟೀರಿಯಾ ಕಳಿಸುವುದೂ ಇದೇ ಜಾತಿಯ ಅಣು. ಅದು ತಲುಪಿದ ಮೇಲೆ ಬೇರಿನ ಕೋಶಕೇಂದ್ರದಲ್ಲಿ ಕ್ಯಾಲ್ಸಿಯಂ ಮಟ್ಟ ಒಂದೇ ಲಯದಲ್ಲಿ ಏರಿ ಇಳಿಯಲು ಶುರುವಾಗುತ್ತದೆ. ಆ ಏರಿಳಿತವನ್ನು ಓದುವ ಪ್ರೋಟೀನೊಂದು ಸಹಜೀವನದ ಜೀನುಗಳನ್ನು ಎಬ್ಬಿಸುತ್ತದೆ. ಲಕ್ಕಾರಿಯಾ ಕೂಡ ಇಂಥ ಅಣುಗಳನ್ನು ಮಾಡುತ್ತದೆ, ಪಾಪ್ಲರ್ ಅದೇ ಹಳೆಯ ದಾರಿ ಬಳಸಿಯೇ ಅದನ್ನು ಕೇಳಿಸಿಕೊಳ್ಳುತ್ತದೆ ಎಂದು 2019ರಲ್ಲಿ ಗೊತ್ತಾಯಿತು.

ಅದೇ ವರ್ಷ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಿಂದ ಇನ್ನೊಂದು ಸುದ್ದಿ. ಲಕ್ಕಾರಿಯಾವನ್ನು ಗುರುತಿಸಲು ಪಾಪ್ಲರ್ ಬಳಸುವ ಲೆಕ್‌ಆರ್‌ಎಲ್‌ಕೆ1 ಎಂಬ ಒಂದು ಗ್ರಾಹಕ ಪ್ರೋಟೀನಿನ ಜೀನನ್ನು ಅವರು ಅರಾಬಿಡಾಪ್ಸಿಸ್ ಗಿಡಕ್ಕೆ ಹಾಕಿದರು. ಅರಾಬಿಡಾಪ್ಸಿಸ್ ಸಾಸಿವೆ, ಎಲೆಕೋಸುಗಳ ಕುಟುಂಬದ್ದು. ಈ ಕುಟುಂಬ ಮೈಕೊರೈಜಾಗೆ ಬೇಕಾದ ಎಷ್ಟೋ ಜೀನುಗಳನ್ನು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದೆ, ಶಿಲೀಂಧ್ರದ ಸಹವಾಸವೇ ಬೇಡ ಎಂದು ಬಿಟ್ಟ ಗುಂಪು. ಆ ಒಂದು ಜೀನು ಸೇರಿದ ಮೇಲೆ ಲಕ್ಕಾರಿಯಾ ಅದರ ಬೇರಿನಲ್ಲೂ ನೆಲೆಯಾಯಿತು. ಒಂದು ಜೀನಿನಿಂದ ಪೂರ್ತಿ ಸಂಬಂಧ ಹುಟ್ಟುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಗುರುತಿಸುವ ಹೆಜ್ಜೆಗೆ ಎಷ್ಟು ತೂಕ ಇದೆ ಎಂಬುದನ್ನು ಇದು ತೋರಿಸಿತು.

ವ್ಯಾಮ್‌ನಲ್ಲಿ ಕೋಶದ ಒಳಗೆ ಹೋಗುವ ಗಳಿಗೆ ಇನ್ನೂ ಸೋಜಿಗದ್ದು. ಎಳೆ ಬಂದು ಬೇರಿನ ಹೊರಕೋಶದ ಮೇಲೆ ಕೂರುತ್ತದೆ. ಒಳಗೆ ನುಗ್ಗುವುದಿಲ್ಲ, ಕಾಯುತ್ತದೆ. ಆಗ ಕೋಶದೊಳಗಿನ ಕೇಂದ್ರ ಸರಿದು ಎಳೆ ಕೂತ ಜಾಗದ ಕೆಳಗೆ ಬರುತ್ತದೆ. ಆಮೇಲೆ ಅದು ಕೋಶದ ಆಚೆ ಬದಿಗೆ ಸಾಗುತ್ತಾ ಹೋದ ಹಾಗೆ ಹಿಂದೆ ಒಂದು ಸುರಂಗ ಏಳುತ್ತದೆ. ಕೆಲವು ಗಂಟೆಗಳಲ್ಲಿ ದಾರಿ ಸಿದ್ಧ. ದಾರಿ ಪೂರ್ತಿಯಾದ ಮೇಲೆಯೇ ಎಳೆ ಒಳಗೆ ಇಳಿಯುವುದು, ಅದೂ ಮರ ಕಟ್ಟಿದ ಪೊರೆಯ ಒಳಗಡೆಯೇ. ಶಿಲೀಂಧ್ರ ಮತ್ತು ಕೋಶದ ರಸ ಕೊನೆವರೆಗೂ ನೇರವಾಗಿ ಮುಟ್ಟುವುದಿಲ್ಲ. ಯಾರು ಯಾರನ್ನು ಒಳಗೆ ಬಿಟ್ಟರು ಎಂಬ ವಾದಕ್ಕೆ ಈ ಸುರಂಗಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಊಟ ಯಾರ ಕೈಯಲ್ಲಿ?

ಒಳಗೆ ಬಂದ ಮೇಲೂ ಮರದ ಹಿಡಿತ ಸಡಿಲವಾಗುವುದಿಲ್ಲ. ಲಕ್ಕಾರಿಯಾದ ಜೀನೋಮಿನಲ್ಲಿ ಇನ್ವರ್ಟೇಸ್ ಜೀನು ಇಲ್ಲ. ಅಂದರೆ ಬೇರಿಗೆ ಇಳಿದು ಬರುವ ಸುಕ್ರೋಸ್ ಸಕ್ಕರೆಯನ್ನು ಒಡೆಯಲು ಅದಕ್ಕೆ ಬರುವುದಿಲ್ಲ. ಮರ ಒಡೆದು ಗ್ಲೂಕೋಸ್ ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ವ್ಯಾಮ್ ಶಿಲೀಂಧ್ರಗಳ ಪರಿಸ್ಥಿತಿ ಇನ್ನೂ ಬಿಗಿ. ಕೊಬ್ಬಿನ ಆಮ್ಲಗಳನ್ನು ಮೊದಲಿನಿಂದ ಕಟ್ಟುವ ಕಿಣ್ವವೇ ಅವುಗಳಲ್ಲಿ ಇಲ್ಲ. ಆದರೂ ಅವುಗಳ ಬೀಜಕಗಳ ತುಂಬಾ ಕೊಬ್ಬು. ಅದೆಲ್ಲ ಎಲ್ಲಿಂದ ಬಂತು? ಗಿಡವೇ ಕೊಬ್ಬನ್ನು ಮಾಡಿ ದಾಟಿಸುತ್ತದೆ ಎಂದು 2017ರಲ್ಲಿ ಬೇರೆ ಬೇರೆ ತಂಡಗಳು ಒಟ್ಟೊಟ್ಟಿಗೆ ತೋರಿಸಿದವು. ಈ ಶಿಲೀಂಧ್ರಗಳನ್ನು ಗಿಡವಿಲ್ಲದೆ ಲ್ಯಾಬಿನಲ್ಲಿ ಬೆಳೆಸಲು ದಶಕಗಳ ಕಾಲ ಯಾಕೆ ಒದ್ದಾಡಬೇಕಾಯಿತು ಎಂಬುದಕ್ಕೆ ಇದು ಮುಖ್ಯ ಕಾರಣ.

ಬದಲಿಗೆ ಮರಕ್ಕೆ ಸಿಗುವುದು ರಂಜಕ, ಸಾರಜನಕ, ನೀರು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಅಂಟಿಕೊಂಡು ಕೂತಿರುತ್ತದೆ, ಕದಲುವುದಿಲ್ಲ. ಬೇರಿನ ಪಕ್ಕದ ಒಂದೆರಡು ಮಿಲಿಮೀಟರಿನ ರಂಜಕ ಖಾಲಿಯಾದರೆ ಮುಗಿಯಿತು. ಬೇರಿಗಿಂತ ಎಷ್ಟೋ ಪಟ್ಟು ಸಣ್ಣಗಿರುವ ಶಿಲೀಂಧ್ರದ ಎಳೆ ಸೆಂಟಿಮೀಟರುಗಟ್ಟಲೆ ಆಚೆ ಹೋಗಿ ತರುತ್ತದೆ.

ತರದಿದ್ದರೆ ಏನಾಗುತ್ತದೆ? ಮೆಡಿಕಾಗೊ ಗಿಡದಲ್ಲಿ ಶಿಲೀಂಧ್ರದಿಂದ ರಂಜಕ ಪಡೆಯುವ ಪಿಟಿ4 ಎಂಬ ಸಾಗಣೆ ಪ್ರೋಟೀನನ್ನು ಕೆಡಿಸಿ ನೋಡಿದರು, 2007ರಲ್ಲಿ. ಗಿಡಕ್ಕೆ ರಂಜಕ ತಲುಪದೆ ಹೋದಾಗ ಕೋಶದೊಳಗಿನ ಕವಲುಗಳು ಹೊತ್ತಿಗೆ ಮೊದಲೇ ಸತ್ತವು. ಸಾಮಾನ್ಯವಾಗಿಯೂ ಒಂದು ಕವಲಿನ ಆಯುಸ್ಸು ಕೆಲವೇ ದಿನ. ಆಮೇಲೆ ಕೋಶ ಅದನ್ನು ಅರಗಿಸಿಕೊಂಡು ಖಾಲಿಯಾಗುತ್ತದೆ, ಇನ್ನೊಂದಕ್ಕೆ ಜಾಗ ಕೊಡುತ್ತದೆ. 2011ರಲ್ಲಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ಅದೇ ಗಿಡದ ಬೇರಿಗೆ ಬೇರೆ ಬೇರೆ ಶಿಲೀಂಧ್ರಗಳನ್ನು ಹಚ್ಚಿ ನೋಡಿದರು. ಜಾಸ್ತಿ ರಂಜಕ ಕೊಟ್ಟದ್ದಕ್ಕೆ ಗಿಡ ಜಾಸ್ತಿ ಇಂಗಾಲ ಕೊಟ್ಟಿತು. ಶಿಲೀಂಧ್ರವೂ ಜಾಸ್ತಿ ಸಕ್ಕರೆ ಬಂದ ಬೇರಿಗೆ ಜಾಸ್ತಿ ರಂಜಕ ಕೊಟ್ಟಿತು.

ಈಗ ಕಲ್ಲಣಬೆಯ ಪ್ರಶ್ನೆಗೆ ಬರೋಣ. ಎಕ್ಟೊಮೈಕೊರೈಜಾ ಶಿಲೀಂಧ್ರಗಳ ಪೂರ್ವಜರು ಸತ್ತ ಮರ, ತರಗೆಲೆ ಕೊಳೆಸಿ ಬದುಕುತ್ತಿದ್ದವು. ಹತ್ತಾರು ಸಲ, ಬೇರೆ ಬೇರೆ ಕವಲುಗಳಲ್ಲಿ, ಅವು ಜೀವಂತ ಮರದ ಸಹವಾಸಕ್ಕೆ ಬಂದವು. ಹೀಗೆ ಬಂದವುಗಳ ಜೀನೋಮುಗಳನ್ನು 2015ರಲ್ಲಿ ಹೋಲಿಸಿ ನೋಡಿದಾಗ, ಸೆಲ್ಯುಲೋಸ್, ಲಿಗ್ನಿನ್ ಒಡೆಯುವ ಜೀನುಗಳಲ್ಲಿ ಬಹಳಷ್ಟನ್ನು ಪ್ರತಿ ಸಲವೂ ಕಳೆದುಕೊಂಡಿರುವುದು ಕಂಡಿತು. ಆ ಪಟ್ಟಿಯಲ್ಲಿ ಕಲ್ಲಣಬೆಯ ಹತ್ತಿರದ ಸಂಬಂಧಿ ಪಿಸೊಲಿಥಸ್ ಕೂಡ ಇತ್ತು. ಚಿಪ್ಪಣಬೆಗೆ ಹುಲ್ಲು ಕೊಳೆಸಿ ತಿನ್ನಲು ಬರುತ್ತದೆ. ಈ ಗುಂಪಿಗೆ ಆ ಶಕ್ತಿ ಉಳಿದಿಲ್ಲ, ಬೇರಿನ ಗೋಡೆ ಒಡೆದು ಹಾಳು ಮಾಡುವ ಶಕ್ತಿಯೂ ಉಳಿದಿಲ್ಲ. ಬೋಗಿ ಮರ ಕಡಿದರೆ ಅದರ ಬುಡದ ಕಲ್ಲಣಬೆಯೂ ಹೋಗುತ್ತದೆ.

ಡಿಎಪಿ ಹಾಕಿದಾಗ ಬೇರು ಏನು ಮಾಡುತ್ತದೆ?

ತೋಟ, ಗದ್ದೆ ಇರುವವರಿಗೆ ಇಡೀ ಕಥೆಯಲ್ಲಿ ಅತಿ ಮುಖ್ಯ ಭಾಗ ಇದು. ಡಿಎಪಿಯಂಥ ರಂಜಕದ ಗೊಬ್ಬರ ಜಾಸ್ತಿ ಹಾಕಿದ ಮಣ್ಣಿನಲ್ಲಿ ಮೈಕೊರೈಜಾ ಕಡಿಮೆಯಾಗುತ್ತದೆ ಎಂದು ಬಹಳ ಕಾಲದಿಂದ ಗೊತ್ತಿತ್ತು. ಹೇಗೆ ಅನ್ನುವುದನ್ನು 2021ರಲ್ಲಿ ಶಾಂಘೈನ ತಂಡ ಭತ್ತದಲ್ಲಿ ತೋರಿಸಿತು. ಗಿಡದಲ್ಲಿ ಪಿಎಚ್‌ಆರ್ ಎಂಬ ಪ್ರೋಟೀನು ರಂಜಕದ ಹಸಿವಿನ ಜೀನುಗಳ ಯಜಮಾನ. ಶಿಲೀಂಧ್ರವನ್ನು ಕರೆಯುವ, ಒಳಗೆ ಬಿಡುವ, ಅದರಿಂದ ರಂಜಕ ಪಡೆಯುವ ಜೀನುಗಳನ್ನೂ ಎಬ್ಬಿಸುವುದು ಅದೇ. ಕೋಶದಲ್ಲಿ ರಂಜಕ ತುಂಬಿದಾಗ ಎಸ್‌ಪಿಎಕ್ಸ್ ಎಂಬ ಇನ್ನೊಂದು ಪ್ರೋಟೀನು ಪಿಎಚ್‌ಆರ್ ಅನ್ನು ಹಿಡಿದು ಕೂರಿಸುತ್ತದೆ. ಆ ಜೀನುಗಳೆಲ್ಲ ಮಲಗುತ್ತವೆ. ಕರೆಯೂ ಇಲ್ಲ, ದಾರಿಯೂ ಇಲ್ಲ. ಹೊಟ್ಟೆ ತುಂಬಿದ ಗಿಡಕ್ಕೆ ಸಕ್ಕರೆ, ಕೊಬ್ಬು ಖರ್ಚು ಮಾಡಿ ನೆಂಟನನ್ನು ಸಾಕುವ ಅಗತ್ಯ ಕಾಣುವುದಿಲ್ಲ.

ಒಂದು ಕೈಯಲ್ಲಿ ಡಿಎಪಿ ಸುರಿದು, ಇನ್ನೊಂದು ಕೈಯಲ್ಲಿ ವ್ಯಾಮ್ ಹಾಕಿದರೆ ಏನಾಗುತ್ತದೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಪ್ಯಾಕೆಟ್ಟಿನೊಳಗೆ ಜೀವಂತ ಬೀಜಕ ಇದ್ದರೂ ಬೇರು ಅದನ್ನು ಮಾತಾಡಿಸುವುದಿಲ್ಲ. ಇನ್ನು ಎಷ್ಟೋ ಸಲ ಜೀವಂತ ಬೀಜಕವೇ ಇರುವುದಿಲ್ಲ. ನೂರಾರು ಪ್ರಯೋಗಗಳನ್ನು ಒಟ್ಟು ಹಾಕಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾಣಿಜ್ಯ ಮೈಕೊರೈಜಾ ಉತ್ಪನ್ನಗಳಲ್ಲಿ ಬಹುಪಾಲು ಬೇರಿಗೆ ಹತ್ತಲೇ ಇಲ್ಲ. ನಮ್ಮಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಮೈಕೊರೈಜಾ ಗೊಬ್ಬರಕ್ಕೂ ಮಾನದಂಡ ಇದೆ. ಕೊಳ್ಳುವಾಗ ತಯಾರಾದ ದಿನಾಂಕ, ಇಟ್ಟ ಜಾಗದ ಬಿಸಿ ನೋಡುವುದು ಅಷ್ಟೇ ಮುಖ್ಯ.

ಇದನ್ನು ಕೇಳಿ ವ್ಯಾಮ್ ಬರೀ ಸುಳ್ಳು ಅಂದುಕೊಳ್ಳಬಾರದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಡಿ. ಜೆ. ಭಾಗ್ಯರಾಜ್ ದಶಕಗಳ ಕಾಲ ಇದೇ ಕೆಲಸ ಮಾಡಿದರು. ಎಲ್ಲ ಗಿಡಕ್ಕೂ ಒಂದೇ ಪುಡಿ ಎಂದು ಅವರು ಹೊರಡಲಿಲ್ಲ. ಒಂದೊಂದು ಮರದ ಸಸಿಗೆ ಬೇರೆ ಬೇರೆ ಶಿಲೀಂಧ್ರಗಳನ್ನು ಹಚ್ಚಿ, ಯಾವುದರ ಜೊತೆ ಯಾವುದು ಚೆನ್ನಾಗಿ ಬೆಳೆಯುತ್ತದೆ ಎಂದು ನರ್ಸರಿಯಲ್ಲಿ ನೋಡಿ ಆರಿಸಿದರು. ನನ್ನ ಪ್ರಕಾರ ಸರಿಯಾದ ದಾರಿ ಅದೇ. ಸಸಿ ಚಿಕ್ಕದಿರುವಾಗ, ರಂಜಕ ಹಿತಮಿತ ಇರುವಾಗ, ಸರಿಯಾದ ಜೋಡಿ ಕೊಟ್ಟರೆ ಫಲ ಸಿಗುತ್ತದೆ. ಇಪ್ಪತ್ತು ವರ್ಷದ ಮರದ ಬುಡಕ್ಕೆ ಪುಡಿ ಎರಚಿದರೆ, ಅಲ್ಲಿ ಮೊದಲೇ ನೆಲೆಯಾಗಿರುವ ಶಿಲೀಂಧ್ರಗಳ ನಡುವೆ ಹೊಸದಕ್ಕೆ ಜಾಗ ಸಿಗುವುದು ಕಷ್ಟ.

ಇನ್ನು ತಾಯಿ ಮರದ ಕಥೆ. 1997ರಲ್ಲಿ ಕೆನಡಾದ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರು ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಗುರುತು ಹಾಕಿದ ಇಂಗಾಲ ದಾಟುವುದನ್ನು ಕಾಡಿನಲ್ಲೇ ತೋರಿಸಿದರು. ಒಳ್ಳೆಯ ಕೆಲಸ ಅದು. ಆದರೆ ಅಲ್ಲಿಂದ ಮರಗಳು ಮಕ್ಕಳನ್ನು ಗುರುತಿಸಿ ಊಟ ಕಳಿಸುತ್ತವೆ ಎನ್ನುವವರೆಗೆ ಮಾತು ಬೆಳೆಯಿತು. 2023ರಲ್ಲಿ ಮೂವರು ಸಂಶೋಧಕರು ಇರುವ ಪುರಾವೆಗಳನ್ನೆಲ್ಲ ಜಾಲಾಡಿ, ಕಾಡಿನಲ್ಲಿ ಇಂಥ ಜಾಲಗಳು ಎಲ್ಲೆಡೆ ಇವೆ, ಅವು ಸಸಿಗಳಿಗೆ ನೆರವಾಗುತ್ತವೆ ಎನ್ನಲು ಆಧಾರ ಸಾಲದು ಎಂದರು. ದೊಡ್ಡ ಮರ ತನ್ನ ಸಂತಾನಕ್ಕೇ ಹೆಚ್ಚು ಕಳಿಸುತ್ತದೆ ಎಂಬುದಕ್ಕೆ ಕಾಡಿನಲ್ಲಿ ಮಾಡಿದ ಒಂದೂ ಪ್ರಕಟಿತ ಅಧ್ಯಯನ ಇಲ್ಲ ಎಂದರು. ಆ ಮೂವರಲ್ಲಿ ಮೆಲಾನಿ ಜೋನ್ಸ್ ಒಬ್ಬರು, 1997ರ ಪ್ರಬಂಧಕ್ಕೂ ಅವರು ಸಹಲೇಖಕಿ. ತಾವೇ ಭಾಗಿಯಾಗಿದ್ದ ಕೆಲಸದಿಂದ ಹುಟ್ಟಿದ ಉತ್ಪ್ರೇಕ್ಷೆಯನ್ನು ತಿದ್ದಲು ನಿಂತ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಕಥೆ ಕೇಳಲು ಚೆನ್ನಾಗಿದೆ, ನಿಜ. ಆದರೆ ಆ ಕಥೆಯಲ್ಲಿ ಶಿಲೀಂಧ್ರ ಬರೀ ತಂತಿಯಾಗಿಬಿಡುತ್ತದೆ. ಮಿಸ್ಪ್-7, ಪಿಟಿ4 ಹೇಳುವುದು ಬೇರೆ: ಶಿಲೀಂಧ್ರಕ್ಕೆ ತನ್ನದೇ ಹಸಿವು, ತನ್ನದೇ ಚೌಕಾಸಿ ಇದೆ.

ನಮ್ಮ ಊರಿನ ಮರಗಳಿಗೆ ಇದು ಎಲ್ಲಿ ತಾಗುತ್ತದೆ? ನೀಲಗಿರಿ ಮರವನ್ನೇ ನೋಡಿ. ಅದು ಆಸ್ಟ್ರೇಲಿಯಾದ ಮರ, ಅದರ ಬೇರಿನ ಒಬ್ಬ ನೆಂಟ ಪಿಸೊಲಿಥಸ್. ಈ ಶಿಲೀಂಧ್ರ ಪ್ರೋಟೀನಿನ ಜೊತೆಗೆ ಒಂದು ಪುಟ್ಟ ಆರ್‌ಎನ್‌ಎ ತುಣುಕನ್ನೂ ನೀಲಗಿರಿಯ ಬೇರಿನ ಕೋಶಕ್ಕೆ ದಾಟಿಸುತ್ತದೆ, ಸಂಬಂಧ ಉಳಿಯಲು ಅದು ನೆರವಾಗುತ್ತದೆ ಎಂದು ಪ್ಲೆಟ್ ಅವರ ಈಗಿನ ಆಸ್ಟ್ರೇಲಿಯಾದ ತಂಡ 2022ರಲ್ಲಿ ತೋರಿಸಿತು. ಅಷ್ಟು ನುಣುಪಾಗಿ ಒಬ್ಬರಿಗೊಬ್ಬರು ಹೊಂದಿಕೊಂಡ ಜೋಡಿಗಳು ಇವು. ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರ 2017ರಲ್ಲಿ ನೀಲಗಿರಿ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಆ ನೆಡುತೋಪುಗಳ ಜಾಗದಲ್ಲಿ ಊರಿನ ಮರ ಬೆಳೆಸಬೇಕು ಎಂಬ ಮಾತು ಆಗಾಗ ಕೇಳುತ್ತದೆ. ಒಳ್ಳೆಯದೇ. ಆದರೆ ಹಾಗೆ ನೆಡುವಾಗ ಎಷ್ಟು ಸಸಿ ಎಂದು ಎಣಿಸುವುದರ ಜೊತೆಗೆ ಆ ಸಸಿಯ ಬೇರಿನಲ್ಲಿ ಯಾರಿದ್ದಾರೆ ಎಂದೂ ಕೇಳಬೇಕು. ಹುಣಸೆ, ನೇರಳೆಯಂಥವಕ್ಕೆ ಸಮಸ್ಯೆ ಕಡಿಮೆ. ವ್ಯಾಮ್ ಶಿಲೀಂಧ್ರಗಳು ಹೆಚ್ಚು ಆಯ್ಕೆ ಮಾಡುವುದಿಲ್ಲ, ಬಹುತೇಕ ಎಲ್ಲ ಮಣ್ಣಿನಲ್ಲೂ ಇರುತ್ತವೆ.

ಸಾಲುಧೂಪ, ಬೋಗಿಗಳ ಮಾತು ಬೇರೆ. ಅವಕ್ಕೆ ಬೇಕಾದ ಎಕ್ಟೊಮೈಕೊರೈಜಾ ಶಿಲೀಂಧ್ರ, ಅದೇ ಕುಟುಂಬದ ಮರಗಳು ಎಷ್ಟೋ ಕಾಲದಿಂದ ಇಲ್ಲದ ಬಯಲಿನಲ್ಲಿ ಸಿಗುವ ಭರವಸೆ ಇಲ್ಲ. ಅವುಗಳ ಬೀಜವನ್ನು ಒಣಗಿಸಿ ಕೂಡಿಡಲೂ ಆಗುವುದಿಲ್ಲ. ಮಳೆಗಾಲದಲ್ಲಿ ಬಿದ್ದ ಬೀಜವನ್ನು ಆಗಲೇ ಹಾಕಬೇಕು. ಆಗ್ನೇಯ ಏಷ್ಯಾದಲ್ಲಿ ಈ ಕುಟುಂಬದ ಮರ ಬೆಳೆಸುವ ನರ್ಸರಿಗಳು ಇದಕ್ಕೆ ಸುಲಭದ ದಾರಿ ಕಂಡುಕೊಂಡಿವೆ. ದೊಡ್ಡ ಮರದ ಬುಡದ ಮೇಲ್ಮಣ್ಣನ್ನು ಒಂದಷ್ಟು ತಂದು ಸಸಿ ಚೀಲದ ಮಣ್ಣಿಗೆ ಬೆರೆಸುತ್ತಾರೆ. ದೇವರಕಾಡಿನಲ್ಲಿ ಇನ್ನೂ ಉಳಿದಿರುವ ಹಳೆಯ ಸಾಲುಧೂಪದ ಬುಡದಲ್ಲಿ ಆ ಮಣ್ಣು ನಮಗೂ ಇದೆ. ಬೀಜ ಹೆಕ್ಕಲು ಹೋದವರು ಒಂದು ಬುಟ್ಟಿ ಮಣ್ಣನ್ನೂ ಜೊತೆಗೆ ತರಬೇಕು. ಸಸಿ ನಾಲ್ಕೆಲೆ ಬಿಟ್ಟ ಮೇಲೆ ಒಂದೆರಡನ್ನು ಕಿತ್ತು, ಬೇರಿನ ತುದಿ ಮೊಂಡಾಗಿ, ಬೇರುರೋಮ ಇಲ್ಲದೆ, ಮೇಲೆ ತೆಳುವಾದ ಹೊದಿಕೆ ಹೊದ್ದಿದೆಯಾ ಎಂದು ಭೂತಗನ್ನಡಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹೊದಿಕೆ ಕಾಣದಿದ್ದರೆ ಆ ಚೀಲಗಳಿಗೆ ಇನ್ನೊಂದು ಸಲ ಕಾಡಿನ ಮಣ್ಣು ಹಾಕಿ, ರಂಜಕದ ಗೊಬ್ಬರ ಕಡಿಮೆ ಮಾಡಿ, ಆಮೇಲೆ ಬಯಲಿಗೆ ಒಯ್ಯುವುದು ಒಳ್ಳೆಯದು.